ಚಂದ್ರನ ಮೇಲೆ ಪಿರಮಿಡ್ಡಿನ ನೆರಳು

ಡಾಕ್ಟರ್ ಶೌಕತ್ ಮನಾಸ್ತರ್ಲಿ ದಂತವೈದ್ಯರು. ಅವರ ಕಣ್ಣಿಗೆ ಚಂದ್ರನೂ ಒಂದು ಹಲ್ಲೇ. ದೂರದರ್ಶಕದಲ್ಲಿ ಅದರ ಕುಳಿಗಳನ್ನು ನೋಡಿ, ಹುಳುಕು ಕಂಡವರ ಹಾಗೆ ನಾಲಗೆಯಿಂದ ಲೊಚ್ಚೆನ್ನುತ್ತಿದ್ದರು. ಚಂದ್ರ ಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ಆ ಕೆಲಸವನ್ನೂ ಅವರೇ ವಹಿಸಿಕೊಂಡಿದ್ದರು.

ಕೈರೋದ ಶುಬ್ರಾ ಬಡಾವಣೆಯ ನಮ್ಮ ಖಗೋಳ ಮಿತ್ರರ ಸಂಘಕ್ಕೆ ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಅಧ್ಯಕ್ಷರಾಗುವುದಕ್ಕೆ ಅವರಿಗಿದ್ದ ಅರ್ಹತೆ ದೂರದರ್ಶಕ. ಕಾರ್ಯದರ್ಶಿಯಾಗುವುದಕ್ಕೆ ನನಗಿದ್ದ ಅರ್ಹತೆ ಬೆನ್ನು. ಗ್ಯಾಸ್ ಸಿಲಿಂಡರ್ ಗಾತ್ರದ ಆ ಜರ್ಮನ್ ಕೊಳವೆಯನ್ನು ಐದು ಮಹಡಿ ಹೊತ್ತುಕೊಂಡು ತಾರಸಿಗೆ ತರುವವನು ನಾನೇ. ಅದಕ್ಕೊಂದು ಮೋಟಾರಿತ್ತು. ಒಮ್ಮೆ ಚಂದ್ರನತ್ತ ತಿರುಗಿಸಿಟ್ಟರೆ ಅದು ತಾನೇ ಚಂದ್ರನ ಹಿಂದೆ ತಿರುಗುತ್ತಿತ್ತು. ಡಾಕ್ಟರು ಟಿವಿಯವರ ಹಿಂದೆ ತಿರುಗುತ್ತಿದ್ದರು. ದೂರದರ್ಶಕ ಎಲ್ಲವನ್ನೂ ತಲೆಕೆಳಗಾಗಿ ತೋರಿಸುತ್ತಿತ್ತು. ಆ ಒಂದು ವಿಷಯದಲ್ಲಿ ಯಜಮಾನರಿಗೂ ಯಂತ್ರಕ್ಕೂ ಒಳ್ಳೆಯ ಹೊಂದಾಣಿಕೆ.

ನನ್ನ ಹೊಟ್ಟೆಪಾಡು ಮಕ್ಕಳ ಕಾರ್ಟೂನುಗಳಿಗೆ ದನಿ ಕೊಡುವುದು. ಕತ್ತೆ, ನರಿ, ಮಂತ್ರಿ, ಮೂರೂ ನನ್ನವೇ. ಡಾಕ್ಟರನ್ನು ಅಣಕಿಸಲು ನನಗೆ ಹೊಸ ದನಿ ಬೇಕಾಗಲಿಲ್ಲ. ಇದ್ದ ಮೂರನ್ನು ಕಲಸಿದರೆ ಸಾಕಾಯಿತು. "ವಿಜ್ಞಾನ ಏನ್ ಹೇಳುತ್ತೆ ಅಂದ್ರೆ..." ಎಂದು ಮೂಗಿನಿಂದ ಎಳೆದು, ಕೈಯನ್ನು ಇಕ್ಕಳ ಹಿಡಿದ ಹಾಗೆ ಎತ್ತಿದರೆ ಮೆಟ್ಟಿಲ ಮೇಲೆ ಕೂತ ಕಾವಲುಗಾರನೂ ಎದ್ದು ನಿಲ್ಲುತ್ತಿದ್ದ.

ಡಾಕ್ಟರಿಗೆ ತಾರಸಿಯಲ್ಲೊಂದು ವೀಕ್ಷಣಾಲಯ ಬೇಕಿತ್ತು. ತಿರುಗುವ ಛಾವಣಿ, ಬಾಗಿಲಲ್ಲಿ ಹಿತ್ತಾಳೆಯ ನಾಮಫಲಕ, ಫಲಕದಲ್ಲಿ ಅವರ ಹೆಸರು. ಛಾವಣಿ ಇಲ್ಲದಿದ್ದರೂ ನಡೆದೀತು ಅನ್ನುವಷ್ಟು ಅವರ ಕಣ್ಣು ಫಲಕದ ಮೇಲಿತ್ತು. ಆದರೆ ತಾರಸಿಯ ಅರ್ಧದಲ್ಲಿ ಉಸ್ತಾ ರಜಬನ ಪಾರಿವಾಳದ ಗೂಡು ನಿಂತಿತ್ತು: ಹಸಿರು ಕೆಂಪು ಬಣ್ಣ ಬಳಿದ, ನೀರಿನ ಟ್ಯಾಂಕಿಗಿಂತ ಎತ್ತರದ ಮರದ ಗೋಪುರ.

ರಜಬ್ ಫ್ರಿಜ್ ರಿಪೇರಿ ಮಾಡುವವನು; ಕೈಕೆಲಸದ ಮೇಸ್ತ್ರಿಗಳನ್ನು ನಮ್ಮಲ್ಲಿ ಉಸ್ತಾ ಎನ್ನುತ್ತಾರೆ. ಗೂಡು ಕಟ್ಟಿದ್ದು ಅವನ ಅಪ್ಪ. ದಿನಾ ಸಂಜೆ ಅದರ ತುದಿಗೆ ಹತ್ತಿ, ಕೋಲಿಗೆ ಕಟ್ಟಿದ ಬಟ್ಟೆ ಬೀಸಿ, ಸಿಳ್ಳೆ ಹಾಕಿ ಹಿಂಡನ್ನು ಹಾರಿಸುತ್ತಿದ್ದ. ಗೂಡನ್ನು ಬೇರೆ ಕಡೆ ಸಾಗಿಸು ಎಂದು ಹೇಳುವುದು ಸುಲಭ. ಪಾರಿವಾಳಕ್ಕೆ ಅದನ್ನು ಹೇಳುವವರು ಯಾರು? ಅದು ಎಲ್ಲಿಂದ ಹಾರಿದರೂ ಹಳೆಯ ತಾರಸಿಗೇ ಬಂದಿಳಿಯುತ್ತದೆ. ಅಲ್ಲಿ ಗೂಡಿಲ್ಲದಿದ್ದರೆ ಪಕ್ಕದ ಬೀದಿಯವರು ಸಿಳ್ಳೆ ಹಾಕಿ ತಮ್ಮ ತಾರಸಿಗೆ ಇಳಿಸಿಕೊಳ್ಳುತ್ತಾರೆ. ಯಾರ ತಾರಸಿಗೆ ಇಳಿಯಿತೋ ಹಕ್ಕಿ ಅವರದು. ನಮ್ಮ ಪಾರಿವಾಳದವರಲ್ಲಿ ಇದಕ್ಕೆ ಪಂಚಾಯಿತಿಯಿಲ್ಲ, ಮೇಲ್ಮನವಿಯೂ ಇಲ್ಲ. ಗೂಡು ಹೋದರೆ ಒಂದು ವಾರದಲ್ಲಿ ರಜಬನ ಹಿಂಡು ಹತ್ತು ಮನೆಯ ಹಿಂಡುಗಳಲ್ಲಿ ಕರಗಿಹೋಗುತ್ತಿತ್ತು. ಅದು ರಜಬನಿಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು.

ರಜಬ್ ಹಳೇ ಬಾಡಿಗೆಯವನು. ಮಾಲೀಕರ ಸಂಘದಲ್ಲಿ ಅವನಿಗೆ ಮತವಿಲ್ಲ. ಸಂಘದ ಮುಖ್ಯಸ್ಥರು ಹಾಜಿ ಬಯೂಮಿ. ಸ್ನಾನದ ಮನೆಯ ಟೈಲ್ಸ್ ಮಾರುವವರು, ಜಗತ್ತಿನಲ್ಲಿ ಏನು ನಡೆದರೂ ಅದರಿಂದ ಫ್ಲ್ಯಾಟಿನ ಬೆಲೆ ಏರೀತೋ ಇಳಿದೀತೋ ಎಂದು ಮಾತ್ರ ಯೋಚಿಸುವವರು. ಡಾಕ್ಟರು ಅವರ ಮುಂದೆ ಒಂದು ಪ್ರಸ್ತಾಪವಿಟ್ಟರು. ಬರುವ ಪಾರ್ಶ್ವ ಚಂದ್ರಗ್ರಹಣದ ಸಂಜೆ ಟಿವಿ ಚಾನೆಲ್ಲನ್ನು ತಾರಸಿಗೇ ಕರೆಸುತ್ತೇನೆ. ಗ್ರಹಣದ ಫೋಟೋ ಇಡೀ ದೇಶದಲ್ಲಿ ಮೊದಲು ನಮ್ಮ ಕಟ್ಟಡದಿಂದಲೇ ಹೊರಡುತ್ತದೆ. ಅದು ಸಾಧ್ಯವಾದರೆ ಇಡೀ ತಾರಸಿ ನನಗೆ. ಹಾಜಿಗಳು ಗಡ್ಡ ನೀವಿಕೊಂಡು ಒಪ್ಪಿದರು. ಗ್ರಹಣದ ಮಾರನೆಯ ದಿನ ಗೂಡು ಕೆಡವುವವರನ್ನು ಕರೆಸುವುದೆಂದು ಮಾತಾಯಿತು. ಫೋಟೋ ಗೆದ್ದರೆ ಗೂಡು ಸೋತಿತು, ಅಷ್ಟೇ.

ಇಷ್ಟು ದೊಡ್ಡ ಕಾರ್ಯಕ್ರಮಕ್ಕೆ ಡಾಕ್ಟರು ಮಾಡಿದ ಲೆಕ್ಕ ಒಂದೇ ಒಂದು ಕೂಡುವ ಲೆಕ್ಕ. ಗ್ರಹಣದ ವೇಳಾಪಟ್ಟಿ ಬೇಸಿಗೆಗೂ ಬದಲಾಗದ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ. ಕೈರೋದ ಸಮಯ ಬೇಕಾದರೆ ಎರಡು ಗಂಟೆ ಸೇರಿಸಬೇಕು. ಆದರೆ ನಮ್ಮ ಸರ್ಕಾರ ಬೇಸಿಗೆ ಬಂದರೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತದೆ. ನಡುವೆ ಕೆಲವು ವರ್ಷ ಈ ಪದ್ಧತಿ ಬಿಟ್ಟಿದ್ದರು, ಆಮೇಲೆ ಮತ್ತೆ ತಂದರು. ಡಾಕ್ಟರು ಅದನ್ನು ಬಿಟ್ಟಿದ್ದ ಕಾಲದಲ್ಲೇ ಉಳಿದುಕೊಂಡಿದ್ದರು. ಅವರ ಲೆಕ್ಕದಲ್ಲಿ ಸೂರ್ಯ ಮುಳುಗುತ್ತಲೇ ಚಂದ್ರ ಅರ್ಧ ತಿಂದ ರೊಟ್ಟಿಯಾಗಿ ಮೇಲೇಳಬೇಕು. ನಿಜವಾದ ಗ್ರಹಣ ಅದಕ್ಕಿಂತ ಒಂದು ಗಂಟೆ ತಡ.

ನಾನು ಕಾರ್ಯದರ್ಶಿಯ ಕರ್ತವ್ಯವೆಂದು ಒಮ್ಮೆ ಕೇಳಿದೆ, ಬೇಸಿಗೆಯ ಗಂಟೆ ಸೇರಿಸಿದ್ದೀರಾ ಎಂದು.

ಡಾಕ್ಟರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ನೋಡಪ್ಪಾ ಫಾಯಿಕ್, ಭೂಮಿಯ ನೆರಳು ಮಂತ್ರಿಮಂಡಲದ ಆದೇಶ ಓದ್ಕೊಂಡು ಬರಲ್ಲ. ನೀನು ಕತ್ತೆ ದನಿ ಮಾಡೋನು. ಕತ್ತೆ ದನಿ ಮಾಡು."

ಸುತ್ತ ಇದ್ದ ಸದಸ್ಯರು ನಕ್ಕರು. ನಾನೂ ನಕ್ಕೆ. ಆಮೇಲೆ ಆ ವಿಷಯ ಎತ್ತಲಿಲ್ಲ. ಕೇಳಿದ್ದಕ್ಕೆ ಉತ್ತರ ಬಂದಾಗಿತ್ತು.

ಗ್ರಹಣದ ದಿನ ಮಧ್ಯಾಹ್ನವೇ ಶಾಮಿಯಾನ ಬಂತು. ನಮ್ಮಲ್ಲಿ ಮದುವೆಗೂ ಅದೇ, ಸಾವಿಗೂ ಅದೇ, ಅಂಗಡಿ ಉದ್ಘಾಟನೆಗೂ ಅದೇ ಕೆಂಪು ನೀಲಿ ಚಿತ್ತಾರದ ಬಟ್ಟೆ. ಡಾಕ್ಟರಿಗೆ ಅದು ಬೇಕಾದದ್ದು ಗೂಡನ್ನು ಮುಚ್ಚಲು. ಟಿವಿಯಲ್ಲಿ ವಿಜ್ಞಾನದ ಹಿಂದೆ ಪಾರಿವಾಳದ ಹಿಕ್ಕೆ ಕಾಣಬಾರದಂತೆ. ಹಾಗಾಗಿ ತಾರಸಿಯ ನಡುವೆ ಗೋಡೆಯಂತೆ ಬಟ್ಟೆ ಎಳೆದರು, ಮೇಲೂ ಬಟ್ಟೆ, ಮೂರು ಕಡೆಯೂ ಬಟ್ಟೆ. ಪೂರ್ವ ದಿಕ್ಕು ಚೊಕ್ಕವಾಗಿ ತೆರೆದಿದ್ದದ್ದು ಗೂಡಿನ ಪಕ್ಕದಲ್ಲಿ. ಅಲ್ಲಿಗೆ ಕಾಲಿಡಲು ಡಾಕ್ಟರಿಗೆ ಅಸಹ್ಯ. ಅವರು ದೂರದರ್ಶಕವನ್ನು ಇನ್ನೊಂದು ತುದಿಯ ಮೂಲೆಯಲ್ಲಿ ಇಡಿಸಿ, ಅದು ಕತ್ತು ಚಾಚುವಷ್ಟು ಬಟ್ಟೆಯಲ್ಲೊಂದು ಸೀಳು ಬಿಡಿಸಿದರು. ಕ್ಯಾಮೆರಾದ ತಂತಿ ಒಳಗಿನ ದೊಡ್ಡ ಪರದೆಗೆ. ಆಹ್ವಾನಿತರಿಗೆ ಕುರ್ಚಿ, ಚಹಾ, ಬಸ್ಬೂಸ ಎಂಬ ರವೆಯ ಸಿಹಿ. ಚಂದ್ರ ತಲೆಯ ಮೇಲಿರುವಾಗ ತಲೆಯ ಮೇಲೆ ಬಟ್ಟೆ ಕಟ್ಟಿಸಿಕೊಂಡು ಪರದೆಯಲ್ಲಿ ಚಂದ್ರನನ್ನು ನೋಡಲು ನಮ್ಮ ಕಟ್ಟಡದ ಮರ್ಯಾದಸ್ಥರೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು.

ರಜಬನಿಗೆ ಆ ಸಂಜೆ ಹಿಂಡು ಹಾರಿಸಬಾರದೆಂದು ಅಪ್ಪಣೆಯಾಗಿತ್ತು. ಅವನು ಬಟ್ಟೆಯ ಆಚೆ, ಗೂಡಿನ ಏಣಿಯ ಕೆಳಗೆ ಮೊಣಕಾಲು ತಬ್ಬಿ ಕೂತಿದ್ದ. ಒಳಗೆ ಹಕ್ಕಿಗಳು ಹೊತ್ತು ಗೊತ್ತಾಗಿ ರೆಕ್ಕೆ ಬಡಿಯುತ್ತಿದ್ದವು. ನಾನು ಎರಡು ಲೋಟ ಚಹಾ ಹಿಡಿದು ಅವನ ಬಳಿಗೆ ಹೋದೆ.

"ನಾಳೆ ಎಷ್ಟು ಹೊತ್ತಿಗೆ ಬರ್ತಾರಂತೆ?" ಎಂದು ಕೇಳಿದ. ಕೆಡವುವವರ ವಿಷಯ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

"ಬೆಳಿಗ್ಗೆ ಬೇಗ ಬಂದ್ರೆ ಒಳ್ಳೇದು. ಸಂಜೆ ಬಂದ್ರೆ ಅವು ಹಾರೋ ಹೊತ್ತು." ಚಹಾ ಕುಡಿಯಲಿಲ್ಲ, ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡ, ಅಷ್ಟೇ.

ಸೂರ್ಯ ಮುಳುಗಿ, ಮಸೀದಿಯಿಂದ ಬಾಂಗು ಮುಗಿದು, ಸ್ವಲ್ಪ ಹೊತ್ತಾಗಿತ್ತು. ಪೂರ್ವದ ಧೂಳಿನಲ್ಲಿ ಚಂದ್ರ ಎದ್ದ. ತಾಮ್ರದ ತಟ್ಟೆಯ ಹಾಗಿದ್ದ, ಒಂದು ಕಡೆಯೂ ಮುಕ್ಕಾಗದ, ಇಡಿಯ, ದುಂಡನೆಯ ಚಂದ್ರ. ನಮ್ಮ ಬೀದಿಯ ಮಸೀದಿಯ ಗುಮ್ಮಟ ಅವನಿಂದ ಒಂದು ಗೇಣು ಬಲಕ್ಕೆ ಕಪ್ಪಾಗಿ ನಿಂತಿತ್ತು.

ಅಷ್ಟರಲ್ಲಿ ಶಾಮಿಯಾನದ ಒಳಗೆ ಚಪ್ಪಾಳೆ ಬಿತ್ತು. "ಹಿಡೀತು, ಹಿಡೀತು" ಎಂದು ಹತ್ತು ಬಾಯಿ ಒಟ್ಟಿಗೆ.

ರಜಬ್ ಚಂದ್ರನನ್ನು ನೋಡಿದ, ನನ್ನನ್ನು ನೋಡಿದ. ನಾನು ಬಟ್ಟೆ ಸರಿಸಿ ಒಳಗೆ ತಲೆ ಹಾಕಿದೆ. ದೊಡ್ಡ ಪರದೆಯಲ್ಲಿ ಚಂದ್ರನ ಫೋಟೋ. ಮೇಲ್ಗಡೆ ಕಾಲು ಭಾಗ ದುಂಡಗೆ, ನಯವಾಗಿ, ಅಂಚು ಸ್ವಲ್ಪ ಮಸುಕಾಗಿ ಕಚ್ಚಿಹೋಗಿತ್ತು. ಭೂಮಿಯ ನೆರಳು ಹೀಗೇ ಇರುತ್ತದೆಂದು ಪುಸ್ತಕದಲ್ಲಿ ಹಾಕುವ ಚಿತ್ರಕ್ಕಿಂತ ಚೆನ್ನಾಗಿತ್ತು. ನೆರಳಿನ ಅಂಚಿನಿಂದ ಒಂದು ಮೊಂಡು ಮುಳ್ಳು ಚಂದ್ರನೊಳಕ್ಕೆ ಇಳಿದಿತ್ತು, ಸ್ವಲ್ಪ ಸೊಟ್ಟಗೆ.

ನಾನು ಸೀಳಿನ ಹತ್ತಿರ ಹೋಗಿ ದೂರದರ್ಶಕದ ಬೆನ್ನ ಮೇಲಿಂದ ಹೊರಗೆ ಇಣುಕಿದೆ. ಆ ಮೂಲೆಯಿಂದ ನೋಡಿದರೆ ಮಸೀದಿಯ ಗುಮ್ಮಟ ನೇರ ಚಂದ್ರನ ಕೆಳಗಿತ್ತು. ಚಂದ್ರ ಅದರ ಹಿಂದಿನಿಂದ ಇನ್ನೂ ಬಿಡಿಸಿಕೊಳ್ಳುತ್ತಿದ್ದ. ದೂರದರ್ಶಕ ಅದನ್ನೇ ತಲೆಕೆಳಗು ಮಾಡಿ, ಕೆಳಗಿನ ಗುಮ್ಮಟವನ್ನು ಮೇಲಿನ ನೆರಳಾಗಿ ತೋರಿಸಿತ್ತು. ನಿಜವಾಗಿ ಗ್ರಹಣ ಹಿಡಿದದ್ದು ಡಾಕ್ಟರ ಗ್ರಹಣಶಕ್ತಿಗೆ, ಅದೂ ಪಾರ್ಶ್ವವಲ್ಲ, ಖಗ್ರಾಸ.

ಇನ್ನೆರಡು ನಿಮಿಷ ಅವರು ಕಣ್ಣಿಟ್ಟಿದ್ದರೆ ಸಾಕಿತ್ತು, ಚಂದ್ರ ಗುಮ್ಮಟದಿಂದ ಹೊರಬಂದು ಇಡಿಯಾಗುತ್ತಿದ್ದ. ಆದರೆ ಡಾಕ್ಟರು ಮೊದಲ ಫೋಟೋ ಬಿದ್ದ ಕೂಡಲೇ ಅದನ್ನು ಪರದೆಯಲ್ಲಿ ನಿಲ್ಲಿಸಿ, ಚಂದ್ರನಿಗೆ ಬೆನ್ನು ಹಾಕಿ, ಟಿವಿಗೆ ಮುಖ ಹಾಕಿದ್ದರು. ಅಷ್ಟರಲ್ಲೇ ಫೋಟೋವನ್ನು ಬೀದಿಯ ವಾಟ್ಸಾಪ್ ಗುಂಪಿಗೂ ಕಳಿಸಿಯಾಗಿತ್ತು, "ಗ್ರಹಣ ಆರಂಭ" ಎಂಬ ಒಕ್ಕಣೆಯೊಂದಿಗೆ.

ಚಾನೆಲ್ಲಿನ ಹುಡುಗಿ ಮೈಕ್ ಮುಂದೆ ಹಿಡಿದು, ನೆರಳಿನಲ್ಲಿ ಆ ಮುಳ್ಳಿನಂತಿರುವುದು ಏನು ಡಾಕ್ಟರ್ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಗೊತ್ತಿಲ್ಲ ಎನ್ನುವುದು ಡಾಕ್ಟರ ನಾಲಗೆಗೆ ಅಭ್ಯಾಸವಿಲ್ಲದ ಮಾತು. ಅವರು ಪರದೆಯತ್ತ ತಿರುಗಿ, ಇಕ್ಕಳ ಹಿಡಿಯುವ ಬೆರಳುಗಳಲ್ಲಿ ಆ ಮುಳ್ಳನ್ನು ಗಾಳಿಯಲ್ಲೇ ಹಿಡಿದು, ಒಂದು ಕ್ಷಣ ಧ್ಯಾನ ಮಾಡಿದರು.

"ವಿಜ್ಞಾನ ಏನ್ ಹೇಳುತ್ತೆ ಅಂದ್ರೆ, ಇದು ಭೂಮಿಯ ನೆರಳು. ನೆರಳಲ್ಲಿ ಭೂಮಿ ಮೇಲಿರೋದೂ ಬೀಳಬೇಕಲ್ಲ? ಈ ಹೊತ್ತಲ್ಲಿ ಚಂದ್ರನಿಗೆ ಎದುರಾಗಿರೋದು ಈಜಿಪ್ಟ್. ಈಜಿಪ್ಟಲ್ಲಿ ಚೂಪಾಗಿರೋದು ಯಾವುದು, ನೀವೇ ಹೇಳಿ. ಇದು ಗೀಜಾದ ದೊಡ್ಡ ಪಿರಮಿಡ್ಡಿನ ನೆರಳು. ಚಂದ್ರನ ಮೇಲೆ ಅದನ್ನ ಫೋಟೋ ತೆಗೆದಿರೋದು ಚರಿತ್ರೇಲೇ ಇದು ಮೊದಲು."

ಆಹ್ವಾನಿತರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬ ವಕೀಲರ ಕಣ್ಣಲ್ಲಿ ನೀರೇ ಬಂತು. ಐದು ಸಾವಿರ ವರ್ಷ ಬಿಸಿಲಲ್ಲಿ ನಿಂತದ್ದಕ್ಕೆ ಪಿರಮಿಡ್ಡಿಗೂ ಕೊನೆಗೆ ಒಂದು ಕೆಲಸ ಸಿಕ್ಕಿತು ಅಂದುಕೊಂಡೆ. ಹಾಜಿ ಬಯೂಮಿ ಪಕ್ಕದವರ ಕಿವಿಯಲ್ಲಿ, ಪಿರಮಿಡ್ ನೋಟದ ಫ್ಲ್ಯಾಟು ಅಂತ ಜಾಹೀರಾತಿನಲ್ಲಿ ಬರೆಯಬಹುದೇ ಎಂದು ವಿಚಾರಿಸಿದರು. ಡಾಕ್ಟರು ಬಟ್ಟೆಯ ಗೋಡೆಯತ್ತ, ಅಂದರೆ ಗೂಡಿನತ್ತ, ಒಮ್ಮೆ ನೋಡಿ ಹಾಜಿಗಳಿಗೆ ತಲೆಯಾಡಿಸಿದರು. ಹಾಜಿಗಳು ಎರಡು ಬಾರಿ ತಲೆಯಾಡಿಸಿದರು.

ನಾನು ರಜಬನ ಬಳಿಗೆ ಮರಳಿದೆ. ಒಳಗಿನ ಮಾತೆಲ್ಲ ಬಟ್ಟೆ ದಾಟಿ ಬಂದಿತ್ತು.

"ಮುಗೀತಾ?" ಎಂದ.

"ಇನ್ನೂ ಶುರುವೇ ಆಗಿಲ್ಲ. ಚಹಾ ಕುಡಿ."

ಈಗ ಮಸೀದಿಯ ಮೈಕು ಕರೆಯಿತು. ಬಾಂಗಲ್ಲ, ಗ್ರಹಣದ ನಮಾಜಿಗೆ ಕೂಡಿಬನ್ನಿ ಎಂಬ ಕರೆ. ನಮ್ಮ ಇಮಾಮರು ಶೇಖ್ ದುಸೂಕಿ. ಮಸೀದಿಯ ಅಂಗಳದ ಸುತ್ತ ಎತ್ತರದ ಕಟ್ಟಡಗಳು, ಅಲ್ಲಿಂದ ಚಂದ್ರ ಕಾಣುವುದಿಲ್ಲ. ಡಾಕ್ಟರ ಫೋಟೋ ನಂಬಿ ಜನರನ್ನು ಕೂಡಿಸಿದ್ದರು. ಗ್ರಹಣದ ನಮಾಜು ಉದ್ದ. ಉಳಿದ ನಮಾಜಿನಲ್ಲಿ ಒಮ್ಮೆ ಬಾಗುವಲ್ಲಿ ಅದರಲ್ಲಿ ಎರಡು ಸಲ ಬಾಗಬೇಕು, ಪಠಣವೂ ದೀರ್ಘ, ಆಮೇಲೆ ಪ್ರವಚನ. ಬೀದಿಯ ಗಂಡಸರೆಲ್ಲ ಅಂಗಡಿ ಮುಚ್ಚಿ ಓಡಿದರು. ಹೆಂಗಸರು ಬಾಲ್ಕನಿಗಳಲ್ಲಿ ಹಿತ್ತಾಳೆಯ ಒರಳು ಕುಟ್ಟಿ ಚಂದ್ರನನ್ನು ಬಿಡಿಸಲು ನಿಂತರು. ಗುಮ್ಮಟ ನುಂಗಿದ ಚಂದ್ರನನ್ನು ಬಿಡಿಸಿಕೊಡು ಎಂದು ಅದೇ ಗುಮ್ಮಟದ ಅಡಿಯಲ್ಲಿ ಇನ್ನೂರು ಮಂದಿ ಬಾಗಿದರು. ಅಷ್ಟರಲ್ಲಿ ಬಿಟ್ಟಾಗಿತ್ತು. ಇಡೀ ಚಂದ್ರ ಶುಬ್ರಾದ ಮೇಲೆ ಬೆಳಗುತ್ತಿದ್ದ. ಒರಳು ಕುಟ್ಟುತ್ತಿದ್ದವರಲ್ಲಿ ಕೆಲವರು ತಲೆಯೆತ್ತಿ ನೋಡಿ, ಕೈ ತಡೆದು, ಒಬ್ಬರ ಮುಖ ಒಬ್ಬರು ನೋಡಿ, ಯಾವುದಕ್ಕೂ ಇರಲಿ ಎಂದು ಮತ್ತೆ ಕುಟ್ಟಿದರು.

ಪ್ರವಚನ ಮುಗಿಸಿ ಶೇಖರು ಐದು ಮಹಡಿ ಹತ್ತಿ ಬಂದದ್ದು ಡಾಕ್ಟರಿಗೆ ಕೃತಜ್ಞತೆ ಹೇಳಲು. ಉಬ್ಬಸದವರು, ಶಾಮಿಯಾನದಲ್ಲಿ ಕುರ್ಚಿ ಸಿಕ್ಕಿದ ಮೇಲೂ ಸ್ವಲ್ಪ ಹೊತ್ತು ಬರೀ ಉಸಿರಾಡಿದರು. ಆಮೇಲೆ ತಮಗೊಂದು ಅನುಮಾನವಿದೆ ಎಂದರು. ನಮಾಜು ಮುಗಿಸಿ ಹೊರಬಂದಾಗ ಚಂದ್ರ ಪೂರ್ತಿಯಿದ್ದನಂತೆ, ಜನ ಸಂತೋಷಪಟ್ಟರಂತೆ. ಮೆಟ್ಟಿಲ ಕಿಂಡಿಯಿಂದ ಈಗ ನೋಡಿದರೆ ಅಂಚಿನಲ್ಲಿ ಕಪ್ಪಾಗುತ್ತಿದೆ. ಬಿಟ್ಟ ಗ್ರಹಣ ಮತ್ತೆ ಹಿಡಿಯುವುದುಂಟೇ?

ಡಾಕ್ಟರು ಇದನ್ನು ಎರಡನೆಯ ಹಂತವೆಂದು ಕರೆದರು. ಮೊದಲ ಹಂತ ಪ್ರಾಚೀನ, ಎರಡನೆಯದು ಆಧುನಿಕ ಎನ್ನುವಂಥದ್ದೇನೋ ಹೇಳಿದರು. ನನಗೆ ಪೂರ್ತಿ ನೆನಪಿಲ್ಲ, ಅವರಿಗೂ ಇರಲಾರದು.

ಹಾಜಿ ಬಯೂಮಿ ಶೇಖರ ಎದುರಿಗೆ ಕೂತಿದ್ದರು, ನಡುವೆ ಬಸ್ಬೂಸದ ತಟ್ಟೆ. ಶೇಖರಿಗೆ ಪಿರಮಿಡ್ ತೋರಿಸಬೇಕೆಂದು ಅವರಿಗೆ ಹುರುಪು. ಫೋನನ್ನು ಮೇಜಿನ ಮೇಲೆ ತಮ್ಮ ಕಡೆಗೇ ಮುಖ ಮಾಡಿ ಇಟ್ಟು ಬೆರಳಿಟ್ಟರು. ಶೇಖರು ತಮ್ಮ ಬದಿಯಿಂದಲೇ ಬಗ್ಗಿ ನೋಡಿದರು. ಅಂದರೆ ತಲೆಕೆಳಗಾದ ಫೋಟೋವನ್ನು ತಲೆಕೆಳಗಾಗಿ ನೋಡಿದ ಮೊದಲ ಮನುಷ್ಯ ಅವರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದು ನನ್ನ ಗುಮ್ಮಟ," ಎಂದರು.

ಹಾಜಿಗಳು ಫೋನನ್ನು ತಿರುಗಿಸಹೋದರೆ ಶೇಖರು ಕೈ ಅಡ್ಡ ಹಿಡಿದರು.

"ಈ ಮುಳ್ಳು ಅಂತೀರಲ್ಲ ಹಾಜಿಗಳೇ, ಇದು ಗುಮ್ಮಟದ ತುದೀಲಿರೋ ಹಿತ್ತಾಳೆ ಚಂದ್ರ. ಹೋದ ಸಲ ಧೂಳಿನ ಬಿರುಗಾಳಿಗೆ ವಾಲಿಕೊಂಡಿದ್ದು. ಇದನ್ನ ನೆಟ್ಟಗೆ ಮಾಡಿಸೋಕೆ ನಾನು ಪ್ರತಿ ಶುಕ್ರವಾರ ಚಂದಾ ಕೇಳ್ತಿದೀನಿ. ಸೊಟ್ಟ ನನ್ನ ಕಣ್ಣಿಗೆ ಗೊತ್ತಾಗಲ್ವಾ?"

ಡಾಕ್ಟರು, ವಾತಾವರಣದಲ್ಲಿ ಬೆಳಕು ವಕ್ರವಾಗುವ ಕಾರಣ ಅನೇಕ ಆಕಾರಗಳು ಅನೇಕ ಆಕಾರಗಳಂತೆ ಕಾಣಬಹುದು ಎಂದು ಶುರು ಮಾಡಿದರು.

"ವಕ್ರ ಬೆಳಕಲ್ಲಿಲ್ಲ ಡಾಕ್ಟ್ರೇ," ಎಂದರು ಶೇಖರು ಮೆತ್ತಗೆ. "ನೀವು ಇನ್ನೂರು ಜನರ ಕೈಲಿ ನನ್ನ ಗುಮ್ಮಟಕ್ಕೆ ಗ್ರಹಣದ ನಮಾಜು ಮಾಡಿಸಿದ್ರಿ. ಈಗ ನಿಜವಾದ್ದು ಹಿಡೀತಿದೆ. ಅವರನ್ನೆಲ್ಲ ನಾನು ಮತ್ತೆ ಕರೀಬೇಕು. ಏನಂತ ಕರೀಲಿ? ನೀವೇ ಮೈಕಲ್ಲಿ ಹೇಳ್ತೀರಾ?"

ಚಾನೆಲ್ಲಿನ ಹುಡುಗಿ ಕ್ಯಾಮೆರಾದವನಿಗೆ ಕಣ್ಣು ಹೊಡೆದಳು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಡಾಕ್ಟರು ಅದನ್ನು ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ಟಿವಿಗೆ ಬೆನ್ನು ಹಾಕಿದರು.

ನಾನು ಹೋಗಿ ನಡುವಿನ ಬಟ್ಟೆಯ ಹಗ್ಗ ಬಿಚ್ಚಿದೆ. ಬಟ್ಟೆ ಕುಸಿಯಿತು. ಆಚೆ ಗೂಡು, ಗೂಡಿನ ಕೆಳಗೆ ಗಾಬರಿಯಾಗಿ ಎದ್ದು ನಿಂತ ರಜಬ್, ಅವನ ಹಿಂದೆ ತೆರೆದ ಪೂರ್ವದ ಆಕಾಶ, ಅದರಲ್ಲಿ ಎಡ ಅಂಚು ಕಪ್ಪಾದ ಚಂದ್ರ. ಮರ್ಯಾದಸ್ಥರು ಒಬ್ಬೊಬ್ಬರಾಗಿ ಕುರ್ಚಿ ಬಿಟ್ಟೆದ್ದು, ಹಿಕ್ಕೆ ತುಳಿಯದಂತೆ ಕಾಲೆತ್ತಿಡುತ್ತ ಅತ್ತ ಹೋದರು. ಬರಿಗಣ್ಣಿಗೆ ಚಂದ್ರ ಕಾಣುತ್ತದೆಂಬುದು ಅವರಲ್ಲಿ ಕೆಲವರಿಗೆ ಹೊಸ ಸುದ್ದಿಯಂತಿತ್ತು.

ಹಾಜಿ ಬಯೂಮಿ ಕೊನೆಯಲ್ಲಿ ಬಂದರು. ಗೂಡಿನ ಪಕ್ಕ ನಿಂತು ಪೂರ್ವವನ್ನು ನೋಡಿದರು, ತಿರುಗಿ ದೂರದರ್ಶಕದ ಮೂಲೆಯನ್ನು ನೋಡಿದರು, ಎದುರಿನ ಗುಮ್ಮಟವನ್ನು ನೋಡಿದರು. ಟೈಲ್ಸ್ ಅಳೆಯುವ ಮನುಷ್ಯ; ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೋಟ ಹೇಗೆ ಬದಲಾಗುತ್ತದೆಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಡಾಕ್ಟ್ರೇ, ಇಷ್ಟು ಚೆನ್ನಾಗಿ ಕಾಣೋ ಜಾಗಕ್ಕೆ ನೀವು ಬಟ್ಟೆ ಮುಚ್ಚಿಸಿದ್ರಿ. ನನ್ನ ಕಟ್ಟಡದ ಹೆಸರು ಹೇಳಿ ಟಿವೀಲಿ ಪಿರಮಿಡ್ಡು ಅಂದ್ರಿ. ನಾಳೆ ಯಾರಾದ್ರೂ ಫ್ಲ್ಯಾಟ್ ನೋಡೋಕೆ ಬಂದ್ರೆ ಮೊದಲು ನಗ್ತಾರೆ, ಆಮೇಲೆ ಬೆಲೆ ಕೇಳ್ತಾರೆ." ಗೂಡನ್ನೊಮ್ಮೆ ನೋಡಿ ಹೇಳಿದರು: "ಅರ್ಧ ತಾರಸಿ ಕೊಟ್ಟಾಗ ನಿಮಗೆ ಚಂದ್ರ ಸಿಗಲಿಲ್ಲ. ಪೂರ್ತಿ ಕೊಟ್ರೆ ಏನ್ ಕಳ್ಕೊಂಡು ಕೂರ್ತೀರೋ. ಉಸ್ತಾ ರಜಬ್, ನಾಳೆ ಬರೋರಿಗೆ ಬೇಡ ಅಂತ ನಾನೇ ಫೋನ್ ಮಾಡ್ತೀನಿ. ಗೂಡು ಇರ್ಲಿ. ಆದ್ರೆ ವಾರಕ್ಕೊಂದ್ಸಲ ತೊಳಿ, ಮಾರಾಯ."

ರಜಬ್ ಕೈಯಲ್ಲಿದ್ದ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

ಡಾಕ್ಟರು ತಲೆನೋವೆಂದು ಇಳಿದು ಹೋದರು. ದೂರದರ್ಶಕವನ್ನು ಬಿಟ್ಟೇ ಹೋದರು; ಹೊರುವವನು ನಾನು ತಾನೇ. ನಾನೂ ರಜಬನೂ ಸೇರಿ ಅದನ್ನು ಗೂಡಿನ ಪಕ್ಕಕ್ಕೆ ತಂದು, ಗ್ರಹಣ ಮುಗಿಯುವವರೆಗೂ ಫೋಟೋ ತೆಗೆದೆವು. ಕೆಳಗೆ ಮೈಕಿನಲ್ಲಿ ಶೇಖರು, ಯಾರ ಹೆಸರನ್ನೂ ಹೇಳದೆ, ಜನರನ್ನು ಎರಡನೆಯ ಬಾರಿ ಕರೆಯುತ್ತಿದ್ದರು. ಜನ ಬೈದುಕೊಳ್ಳುತ್ತಲೇ ಹೋದರು.

ಮರುದಿನ ಮಧ್ಯಾಹ್ನ ಡಾಕ್ಟರಿಂದ ಫೋನ್ ಬಂತು. ಸಂಘದ ಪುಟದಲ್ಲಿ ಹಾಕಲು ನಿಜವಾದ ಗ್ರಹಣದ ಒಂದು ಒಳ್ಳೆಯ ಫೋಟೋ ಕಳಿಸಬೇಕಂತೆ. ಕೆಳಗೆ ಅಧ್ಯಕ್ಷರ ಹೆಸರು ಹಾಕುವುದು ಸಂಘದ ಸಂಪ್ರದಾಯವಂತೆ. ಮೂಗಿನ ದನಿ ಮೊದಲಿನಷ್ಟೇ ಗಟ್ಟಿಯಿತ್ತು. ಒಂದು ರಾತ್ರಿಯಲ್ಲಿ ಇಷ್ಟು ಚೇತರಿಸಿಕೊಳ್ಳುವ ಒಸಡು ಬೇರೆ ಯಾರಿಗಿದೆ?

ಅಧ್ಯಕ್ಷರು ಸ್ವತಃ ತೆಗೆದ ಫೋಟೋ ಇರುವಾಗ ಬೇರೆಯವರದೇಕೆ ಎಂದೆ. ಗುಮ್ಮಟದ ಫೋಟೋವನ್ನೇ ಕಳಿಸಿದೆ. ಈ ಸಲ ನೆಟ್ಟಗೆ ತಿರುಗಿಸಿ.

ಸಂಜೆ ತಾರಸಿಗೆ ಹೋದಾಗ ರಜಬ್ ಗೂಡಿನ ತುದಿಯಲ್ಲಿದ್ದ. ಬಟ್ಟೆ ಬೀಸಿ ಹಿಂಡು ಬಿಟ್ಟ. ಒಂದು ದಿನ ಕೂಡಿಹಾಕಿದ್ದರ ಸೇಡು ತೀರಿಸಿಕೊಳ್ಳುವಂತೆ ಅವು ದೊಡ್ಡ ಸುತ್ತು ಹೊಡೆದವು. ಐದು ಹಕ್ಕಿಗಳು ಹಿಂಡು ಬಿಟ್ಟು ಗುಮ್ಮಟದ ತುದಿಗೆ ಹೋಗಿ, ಸೊಟ್ಟ ಹಿತ್ತಾಳೆ ಚಂದ್ರನ ಮೇಲೆ ಸಾಲಾಗಿ ಕೂತವು.

ನಾನು ಮೂಗಿನಿಂದ ಎಳೆದೆ. "ವಿಜ್ಞಾನ ಏನ್ ಹೇಳುತ್ತೆ ಅಂದ್ರೆ, ಪಿರಮಿಡ್ಡಿನ ಮೇಲೆ ಐದು ಜನ ಫೆರೋ ದೊರೆಗಳು ಕೂತಿದ್ದಾರೆ."

ಮೇಲಿನಿಂದ ರಜಬ್ ನಕ್ಕದ್ದು ಕೇಳಿಸಿತು. ನಗುತ್ತ ಸಿಳ್ಳೆ ಹಾಕಲು ಬಾರದೆ ಎರಡು ಸಲ ತಪ್ಪಿದ. ಮೂರನೆಯ ಸಲ ಸರಿಯಾಗಿ ಬಂತು. ಫೆರೋಗಳು ಒಬ್ಬೊಬ್ಬರಾಗಿ ಎದ್ದು ಮನೆಗೆ ಬಂದರು.